ಚಿಕ್ಕ ಮಕ್ಕಳ ತರಗತಿಗೆ ಬದಲಿ ಟೀಚರನ್ನು ಕಳಿಸುವವರಿಗೆ ಒಂದು ಬಹಿರಂಗ ಪತ್ರ

ಶಾಲೆಗಳ ಮುಖ್ಯೋಪಾಧ್ಯಾಯರಿಗೆ ಮತ್ತು ಆಡಳಿತ ಮಂಡಳಿಯವರಿಗೆ,

ಮಾನ್ಯರೇ,

ನಾನು ಬದಲಿ ಶಿಕ್ಷಕಿ. ನಿಮ್ಮಲ್ಲಿ ಯಾರಾದರೂ ಟೀಚರ್ ರಜೆ ಹಾಕಿದಾಗ ನನಗೆ ಫೋನ್ ಬರುತ್ತದೆ, ನಾನು ಹೋಗುತ್ತೇನೆ. ಹೆಚ್ಚಾಗಿ ನನಗೆ ಸಿಗುವುದು ನಾಲ್ಕರಿಂದ ಏಳು ವರ್ಷದ ಮಕ್ಕಳ ತರಗತಿಗಳು. ಹಲವು ಶಾಲೆಗಳನ್ನು ನೋಡಿದ್ದೇನೆ, ಯಾವುದರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಒಂದೇ ಶಾಲೆಯ ಸಮಸ್ಯೆಯಾಗಿದ್ದರೆ ಅಲ್ಲಿಗೇ ಹೋಗಿ ಹೇಳಿ ಮುಗಿಸುತ್ತಿದ್ದೆ. ಹೋದಲ್ಲೆಲ್ಲ ಅದೇ ಕಂಡಿದ್ದರಿಂದ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಬಾಗಿಲ ಬಳಿ ನಮಗೆ ಸಿಗುವ ಸೂಚನೆ ಬಹುತೇಕ ಕಡೆ ಒಂದೇ: "ಚಿಕ್ಕ ಮಕ್ಕಳು ತಾನೇ, ಸುಮ್ನೆ ನೋಡ್ಕೊಳ್ಳಿ, ಸಾಕು." ಹೇಳುವವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಬೆಳಗಿನ ಗಡಿಬಿಡಿ. ಒಂದು ಕಡೆ ಫೋನ್ ಹೊಡೆದುಕೊಳ್ಳುತ್ತಿರುತ್ತದೆ, ಇನ್ನೊಂದು ಕಡೆ ಪೋಷಕರು ಕಾಯುತ್ತಿರುತ್ತಾರೆ. ಆದರೂ ಆ ಮಾತು ತಪ್ಪು. ಬದಲಿಯಾಗಿ ಬಂದವರಿಗೆ ಇಡೀ ಶಾಲೆಯಲ್ಲಿ ಕಷ್ಟದ ತರಗತಿ ಯಾವುದೆಂದರೆ ಎಲ್ಲರಿಗಿಂತ ಚಿಕ್ಕ ಮಕ್ಕಳದೇ.

ಯಾಕೆ ಅಂತ ಹೇಳುತ್ತೇನೆ. ಹತ್ತು ವರ್ಷದ ಮಕ್ಕಳ ತರಗತಿಗೆ ಹೋದರೆ ಬೇಕಾದ ಮಾಹಿತಿ ಮಕ್ಕಳಿಂದಲೇ ಸಿಗುತ್ತದೆ. ಪಾಠ ಎಲ್ಲಿಗೆ ನಿಂತಿದೆ, ಯಾರಿಗೆ ಬೋರ್ಡ್ ಸರಿಯಾಗಿ ಕಾಣುವುದಿಲ್ಲ, ಯಾರಿಗೆ ಉಸಿರಾಟದ ತೊಂದರೆ, ಎಲ್ಲ ಹೇಳುತ್ತಾರೆ. ನಡುನಡುವೆ ಸುಳ್ಳೂ ಸೇರಿಸುತ್ತಾರೆ, ಅದು ಬೇರೆ ಮಾತು. ಐದು ವರ್ಷದ ಮಗುವಿಗೆ ತನ್ನ ಬಗ್ಗೆ ಹೀಗೆ ಹೇಳಲು ಬರುವುದಿಲ್ಲ. ಆ ಮಗುವಿನ ಬಗ್ಗೆ ಗೊತ್ತಿರಬೇಕಾದ್ದೆಲ್ಲ ಅದರ ಟೀಚರ್ ತಲೆಯಲ್ಲಿರುತ್ತದೆ. ಅವರು ರಜೆ ಹಾಕಿದ ದಿನ ಆ ತಿಳಿವಳಿಕೆಯೂ ರಜೆ. ನೀವು ಪಾಠಕ್ಕೆ ಬದಲಿ ಕಳಿಸುತ್ತೀರಿ. ಪಾಠದ್ದೇನು, ಹೇಗೋ ಆಗುತ್ತದೆ. ಮಕ್ಕಳ ಬಗೆಗಿನ ಆ ತಿಳಿವಳಿಕೆಯನ್ನು ನಮ್ಮ ಕೈಗೆ ಯಾರೂ ದಾಟಿಸುವುದಿಲ್ಲ. ನನ್ನ ದೂರು ಇಷ್ಟೇ. ಉಳಿದದ್ದೆಲ್ಲ ಇದರಿಂದ ಏನೇನಾಗುತ್ತದೆ ಎನ್ನುವುದರ ವಿವರ.

ಹಾಜರಿಯಿಂದಲೇ ಶುರು ಮಾಡೋಣ. ಪುಸ್ತಕದಲ್ಲಿ ಒಂದು ಹೆಸರು ಇರುತ್ತದೆ, ಮನೆಯಲ್ಲಿ ಕರೆಯುವುದು ಇನ್ನೊಂದು. ಪುಸ್ತಕದ ಹೆಸರು ಕೂಗಿದರೆ ಆ ಮಗು ತನಗಲ್ಲ ಎಂಬಂತೆ ಕಿಟಕಿ ಕಡೆ ನೋಡುತ್ತಾ ಕೂತಿರುತ್ತದೆ. ಪಕ್ಕದ ಮಗು ಅದರ ಪರವಾಗಿ "ಪ್ರೆಸೆಂಟ್ ಮಿಸ್" ಎನ್ನುತ್ತದೆ. ಎರಡು ಹೆಸರು ಮುಂದಕ್ಕೆ ಹೋದ ಮೇಲೆ ಅದೇ ಮಗು ತನ್ನ ಹೆಸರಿಗೂ ಕೈ ಎತ್ತುತ್ತದೆ. ನಗು ಬರುತ್ತದೆ, ನಿಜ. ಆದರೆ ಅಪಾಯದ ಗಂಟೆ ಬಾರಿಸಿ ಎಲ್ಲರನ್ನೂ ಹೊರಗೆ ಕರೆದೊಯ್ಯಬೇಕಾದಾಗ ನನ್ನ ಕೈಯಲ್ಲಿರುವುದು ಇದೇ ಹಾಜರಿ. ಯಾವ ಮುಖಕ್ಕೆ ಯಾವ ಹೆಸರು ಎಂದು ಗೊತ್ತಿಲ್ಲದವರು ತಲೆ ಎಣಿಸಬಹುದು. ಒಂದು ತಲೆ ಕಡಿಮೆ ಬಂದರೆ ಅದು ಯಾರದು ಎಂದು ಹೇಳಲಾರರು. ಹೊರಗೆ ಎಲ್ಲಿ ಸೇರಬೇಕು ಎಂಬುದನ್ನೂ ನಮಗೆ ಹೇಳುವವರು ಅಪರೂಪ.

ಇನ್ನು ಯಾರೂ ಮಾತಾಡದ ವಿಷಯ, ಶೌಚಾಲಯ. ಒಂದು ಕಡೆ ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಬೆಳಗಿನಿಂದ ತನ್ನ ಜಾಗ ಬಿಟ್ಟು ಏಳಲೇ ಇಲ್ಲ. ಆಟಕ್ಕೆ ಕರೆದರೂ ಬರಲಿಲ್ಲ, ಬಣ್ಣದ ಡಬ್ಬಿ ಕೊಟ್ಟರೂ ಮುಟ್ಟಲಿಲ್ಲ. ಹತ್ತಿರ ಹೋಗಿ ಕೂತಾಗ ಚಡ್ಡಿ ಒದ್ದೆಯಾಗಿರುವುದು ಕಂಡಿತು. ಅಳುತ್ತಿರಲಿಲ್ಲ. ಎರಡೂ ಕೈಯಲ್ಲಿ ಕುರ್ಚಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದ, ಯಾರೂ ಎಬ್ಬಿಸದಿರಲಿ ಎಂದು. ಪಕ್ಕದ ಹುಡುಗಿಯನ್ನು ಕೇಳಿದರೆ, "ಅವ್ನು ಕೇಳಲ್ಲ ಮಿಸ್, ನಮ್ ಮಿಸ್ಸೇ ಕರ್ಕೊಂಡು ಹೋಗ್ತಾರೆ" ಎಂದಳು. ನೋಡಿ, ನಾಲ್ಕೂವರೆ ವರ್ಷದ ಹುಡುಗಿಗೆ ಗೊತ್ತಿತ್ತು. ಆಫೀಸಿನಲ್ಲೂ ಒಬ್ಬರಿಗೆ ಗೊತ್ತಿತ್ತು, ಆಮೇಲೆ ಹೇಳಿದರು: "ಓ, ಅವನಾ? ಅವನದು ಯಾವಾಗ್ಲೂ ಹಾಗೇ." ಒಂದು ಸಾಲು ಬರೆದಿಟ್ಟಿದ್ದರೆ ಸಾಕಿತ್ತು. ಆ ವಯಸ್ಸಿನ ಮಗುವಿಗೆ ಗುರುತಿಲ್ಲದವರ ಹತ್ತಿರ ಹೋಗಿ ಇಂಥದ್ದು ಕೇಳುವುದೆಂದರೆ ಸಣ್ಣ ಧೈರ್ಯ ಸಾಲದು. ಬದಲು ಬಟ್ಟೆ ಎಲ್ಲಿದೆ ಎಂದು ಹುಡುಕಲು ಹೊರಟೆ. ಕಪಾಟಿಗೆ ಬೀಗ. ಬೀಗದ ಕೈ ರಜೆಯಲ್ಲಿದ್ದವರ ಬ್ಯಾಗಿನಲ್ಲಿ.

ಅದೇ ಬೀಗದ ಹಿಂದೆ ಬಟ್ಟೆಗಿಂತ ಮುಖ್ಯವಾದದ್ದೂ ಇರುತ್ತದೆ. ಯಾವ ಮಗುವಿಗೆ ಯಾವ ಆಹಾರ ಆಗುವುದಿಲ್ಲ ಎಂಬ ಪಟ್ಟಿ, ಆಸ್ತಮಾ ಇರುವ ಮಗುವಿನ ಇನ್‌ಹೇಲರ್, ತೀವ್ರ ಅಲರ್ಜಿ ಇರುವ ಮಗುವಿಗೆ ವೈದ್ಯರು ಬರೆದುಕೊಟ್ಟ ಅಡ್ರಿನಲಿನ್ ಇಂಜೆಕ್ಷನ್. ತೀವ್ರ ಅಲರ್ಜಿ ಶುರುವಾದರೆ ಕೆಲವೇ ನಿಮಿಷಗಳಲ್ಲಿ ಗಂಟಲು ಊದಿಕೊಂಡು ಉಸಿರಾಟಕ್ಕೆ ತೊಂದರೆಯಾಗಬಹುದು. ಪೆನ್ನಿನ ಆಕಾರದಲ್ಲಿರುವ ಆ ಅಡ್ರಿನಲಿನ್ ಇಂಜೆಕ್ಷನ್ನನ್ನು ತೊಡೆಯ ಹೊರಭಾಗಕ್ಕೆ ಒತ್ತಬೇಕು, ಒಡನೆ ಆಂಬುಲೆನ್ಸ್ ಕರೆಸಬೇಕು. ಇದನ್ನು ನಾನು ನನ್ನ ಖರ್ಚಿನಲ್ಲೇ ಕಲಿತೆ. ಕಲಿತದ್ದು ಉಪಯೋಗಕ್ಕೆ ಬರಬೇಕಾದರೆ ಪೆನ್ ಎಲ್ಲಿದೆ ಎಂದು ಗೊತ್ತಿರಬೇಕಲ್ವಾ? ಹುಟ್ಟುಹಬ್ಬ ಅಂತ ಒಂದು ಮಗು ತಿಂಡಿಯ ಡಬ್ಬ ತಂದು ನನ್ನ ಮುಂದೆ ಹಿಡಿಯುತ್ತದೆ. ಎಲ್ಲರೂ ಕೈ ಚಾಚಿರುತ್ತಾರೆ. ನಾನು ಬೇಡ ಎಂದರೆ ಹಬ್ಬ ಕೆಡಿಸಿದವಳು, ಹಂಚಿದರೆ ಕಣ್ಣು ಮುಚ್ಚಿ ಹಂಚಿದವಳು. ನಾನು ಬೇಡ ಎನ್ನುತ್ತೇನೆ. ಸಂಜೆ ಅದಕ್ಕೂ ಒಂದು ದೂರು ಬರುತ್ತದೆ.

ಮನೆಗೆ ಬಿಡುವ ಹೊತ್ತು ಇದಕ್ಕಿಂತ ಬಿಗಿ. ಗೇಟಿನಲ್ಲಿ ನಿಂತವರು "ನಾನು ಇವಳ ಮಾವ" ಎನ್ನುತ್ತಾರೆ. ಮಗು ಓಡಿ ಹೋಗಿ ಅವರ ಕೈ ಹಿಡಿಯುತ್ತದೆ. ಮಗು ಗುರುತು ಹಿಡಿದರೆ ಸಾಕಲ್ವಾ ಎಂದು ಕಾವಲಿನವರೂ ಹೇಳುತ್ತಾರೆ. ಸಾಲದು. ತಂದೆ ತಾಯಿ ಬೇರೆಯಾಗಿರುವ ಮನೆಗಳಿವೆ, ಮಗುವನ್ನು ಯಾರ ಜೊತೆ ಕಳಿಸಬಾರದು ಎಂದು ಬರೆದುಕೊಟ್ಟ ಮನೆಗಳಿವೆ. ಕಳಿಸಬಾರದವರೂ ಮಗುವಿಗೆ ಚೆನ್ನಾಗಿ ಗುರುತಿನವರೇ. ಅಧಿಕೃತ ಪಟ್ಟಿ ಆಫೀಸಿನ ಕಂಪ್ಯೂಟರಿನಲ್ಲಿ ಇದೆಯಂತೆ. ಆ ಹೊತ್ತಿಗೆ ಆಫೀಸಿನಲ್ಲಿ ಇರುವವರು ಯಾರು, ಅದನ್ನು ತೆಗೆದು ತೋರಿಸುವವರು ಯಾರು? ನಾನು ಮಗುವನ್ನು ಬಿಡದೆ ನಿಲ್ಲಿಸಿಕೊಂಡರೆ ಬಂದವರಿಗೆ ಸಿಟ್ಟು, ಶಾಲೆಗೆ ಮುಜುಗರ. "ಹೊಸ ಮಿಸ್ ಬಹಳ ಸ್ಟ್ರಿಕ್ಟ್" ಎಂಬ ಹೆಸರು ಬಂದರೆ ಬರಲಿ. ಈ ವಿಷಯದಲ್ಲಿ ನಾನು ಸ್ಟ್ರಿಕ್ಟೇ.

ಇಷ್ಟು ಸುರಕ್ಷತೆಯ ಮಾತಾಯಿತು. ದಿನವಿಡೀ ಕಾಡುವುದು ಬೇರೆಯದು. ಚಿಕ್ಕ ಮಕ್ಕಳ ತರಗತಿ ನಡೆಯುವುದು ಗಡಿಯಾರದಿಂದಲ್ಲ, ರೂಢಿಯಿಂದ. ಆಟದ ಸಾಮಾನು ಎತ್ತಿಡಬೇಕಾದಾಗ ಒಂದು ಹಾಡು. ಸಾಲಿನಲ್ಲಿ ನಿಲ್ಲಬೇಕಾದಾಗ ಚಪ್ಪಾಳೆ. ಕಥೆಗೆ ಕೂರುವಾಗ ಚಾಪೆಯ ಮೇಲೆ ಯಾರ ಜಾಗ ಎಲ್ಲಿ ಎಂಬುದೂ ನಿಶ್ಚಯ. ಇವು ಬರೀ ಅಲಂಕಾರ ಎಂದುಕೊಳ್ಳಬೇಡಿ. ಮುಂದೇನು ಎಂದು ಗೊತ್ತಿದ್ದರೆ ಮಗು ನೆಮ್ಮದಿಯಾಗಿರುತ್ತದೆ. ಜಾನ್ ಬೌಲ್ಬಿ, ಮೇರಿ ಐನ್ಸ್‌ವರ್ತ್ ಎಂಬ ಮನೋವಿಜ್ಞಾನಿಗಳು ಮಕ್ಕಳ ಒಡನಾಟದ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದರು. ನಂಬಿಕೆಯ ದೊಡ್ಡವರೊಬ್ಬರು ಹತ್ತಿರವಿದ್ದರೆ ಮಗು ಧೈರ್ಯವಾಗಿ ಹೊಸದನ್ನು ಮುಟ್ಟಿ ನೋಡುತ್ತದೆ, ಅವರು ಕಣ್ಮರೆಯಾದರೆ ಆಟ ನಿಲ್ಲಿಸಿ ಅವರನ್ನೇ ಹುಡುಕುತ್ತದೆ ಎಂದು ತೋರಿಸಿದರು. ಐನ್ಸ್‌ವರ್ತ್ ನೋಡಿದ್ದು ವರ್ಷದ ಆಸುಪಾಸಿನ ಕೂಸುಗಳನ್ನು. ಆದರೆ ನಾಲ್ಕು ವರ್ಷದವರಲ್ಲೂ ಅದರ ಎಳೆ ಕಾಣುತ್ತದೆ. ಹೊರಗೆ ಚಪ್ಪಲಿ ಸದ್ದಾದಾಗಲೆಲ್ಲ ತಲೆ ಎತ್ತಿ ಬಾಗಿಲು ನೋಡುವ ಮಗು ಪ್ರತಿ ತರಗತಿಯಲ್ಲೂ ಒಂದಾದರೂ ಇರುತ್ತದೆ. ಅವರ ಮಿಸ್ ನಾಳೆ ಬರುತ್ತಾರಾ, ಮುಂದಿನ ವಾರವಾ ಎಂದು ಕೇಳುತ್ತದೆ. ಅದಕ್ಕೆ ಉತ್ತರ ನನಗೂ ಯಾರೂ ಹೇಳಿರುವುದಿಲ್ಲ.

ಅಂಥ ತರಗತಿಗೆ ಹಾಡು ಗೊತ್ತಿಲ್ಲದ ನಾನು ಹೋಗಿ "ಎಲ್ಲ ಎತ್ತಿಡಿ" ಎಂದರೆ ಯಾರೂ ಕದಲುವುದಿಲ್ಲ. ಹಟದಿಂದಲ್ಲ, ಹಾಡು ಶುರುವಾಗಿಲ್ಲ ಅಂತ. ನಾನು ನನಗೆ ಗೊತ್ತಿರುವ ಒಂದು ಹಾಡು ಹೇಳಿದರೆ ಒಬ್ಬಳು ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು, "ಹಂಗಲ್ಲ ಮಿಸ್" ಎನ್ನುತ್ತಾಳೆ. ಇನ್ನೊಬ್ಬ, "ನಮ್ ಮಿಸ್ ದಿನಾ ಎರಡು ಸಲ ಆಟಕ್ಕೆ ಬಿಡ್ತಾರೆ" ಎನ್ನುತ್ತಾನೆ. ಇಡೀ ಕ್ಲಾಸು ಹೌದು ಹೌದು ಎಂದು ಆಣೆ ಮಾಡುತ್ತದೆ. ನಿಜವಿರಬಹುದು, ಇಲ್ಲದಿರಬಹುದು. ಕೇಳೋಣ ಎಂದರೆ ಪಕ್ಕದ ತರಗತಿಯವರಿಗೆ ಅವರದೇ ಸಾಕಾಗಿರುತ್ತದೆ.

ಈಗ ನೀವು ಕಾರಿಡಾರಿನಲ್ಲಿ ಹಾದುಹೋಗುತ್ತಾ ಕಿಟಕಿಯಿಂದ ಇಣುಕುತ್ತೀರಿ. ಗದ್ದಲವಿದ್ದರೆ ನಿಮ್ಮ ಹುಬ್ಬು ಮೇಲೇರುತ್ತದೆ. ಮೌನವಿದ್ದರೆ ತಲೆದೂಗಿ ಮುಂದೆ ಹೋಗುತ್ತೀರಿ. ನಮ್ಮ ಕೆಲಸವನ್ನು ಅಳೆಯಲು ನಿಮ್ಮ ಹತ್ತಿರ ಇರುವ ಅಳತೆಗೋಲು ಇದೊಂದೇ. ಮುಂದಿನ ಸಲ ಯಾರನ್ನು ಕರೆಯಬೇಕು ಎಂಬುದೂ ಇದರ ಮೇಲೇ ತೀರ್ಮಾನವಾಗುತ್ತದೆ ಎಂದು ನಮಗೆ ಗೊತ್ತು. ಹಾಗಾಗಿ ಕೆಲವರು ಮಕ್ಕಳನ್ನು ಹೆದರಿಸಿ ಕೂರಿಸುತ್ತಾರೆ. ಬಾಯಿ ಮೇಲೆ ಬೆರಳಿಟ್ಟು ಮುಕ್ಕಾಲು ಗಂಟೆ ಕೂತ ಐದು ವರ್ಷದವರನ್ನು ನಾನು ನೋಡಿದ್ದೇನೆ. ಆ ದಿನದ ಬದಲಿ ಟೀಚರಿಗೆ ಒಳ್ಳೆಯ ಹೆಸರು ಬಂತು.

1970ರ ಸುಮಾರಿಗೆ ಜೇಕಬ್ ಕೌನಿನ್ ಎಂಬ ಸಂಶೋಧಕರು ತರಗತಿಗಳನ್ನು ಚಿತ್ರೀಕರಿಸಿ ಗಂಟೆಗಟ್ಟಲೆ ನೋಡಿದರು. ಶಿಸ್ತಿರುವ ತರಗತಿಯ ಟೀಚರುಗಳು ಗದರುವುದರಲ್ಲಿ ನಿಪುಣರಾಗಿರಲಿಲ್ಲ. ತುಂಟತನವಾದ ಮೇಲೆ ಹೇಗೆ ಬೈಯುತ್ತಾರೆ ಎಂಬುದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ವ್ಯತ್ಯಾಸ ಇದ್ದದ್ದು ಅದಕ್ಕೂ ಮೊದಲು. ಯಾವ ಮೂಲೆಯಲ್ಲಿ ಏನು ನಡೆಯುತ್ತಿದೆ, ಯಾವುದು ಜಗಳಕ್ಕೆ ತಿರುಗಲಿದೆ ಎಂದು ಅವರಿಗೆ ಗೊತ್ತಿರುತ್ತಿತ್ತು, ಗೊತ್ತಿದೆ ಎಂದು ಮಕ್ಕಳಿಗೂ ಗೊತ್ತಿರುತ್ತಿತ್ತು. ಈಗ ನಮ್ಮ ಸ್ಥಿತಿ ನೋಡಿ. ಯಾವ ಇಬ್ಬರನ್ನು ಪಕ್ಕಪಕ್ಕ ಕೂರಿಸಬಾರದು ಎಂಬುದೇ ನಮಗೆ ಹೊಡೆದಾಟ ಆದ ಮೇಲೆ ಗೊತ್ತಾಗುತ್ತದೆ.

ಇದೇ ಹೊತ್ತಿನಲ್ಲಿ ಮೇರಿ ಬಡ್ ರೋ ಎಂಬವರು ಇನ್ನೊಂದು ಸಂಗತಿ ಅಳೆದರು. ಪ್ರಶ್ನೆ ಕೇಳಿದ ಮೇಲೆ ಟೀಚರುಗಳು ಸರಾಸರಿ ಒಂದು ಸೆಕೆಂಡಿನಷ್ಟು ಮಾತ್ರ ಕಾಯುತ್ತಾರೆ. ಅದನ್ನು ಮೂರು ಸೆಕೆಂಡಿಗೆ ಹಿಗ್ಗಿಸಿದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನೆ ಕೂತಿದ್ದವರೂ ಬಾಯಿ ಬಿಡುತ್ತಾರೆ. ಹೊಸ ಮುಖದ ಮುಂದೆ ಚಿಕ್ಕ ಮಗುವಿಗೆ ಮೂರಲ್ಲ, ಇನ್ನೂ ಜಾಸ್ತಿ ಬೇಕು. ಆ ಕಾಯುವಿಕೆಯಲ್ಲಿ ಉಳಿದವರು ಪಿಸುಗುಟ್ಟುತ್ತಾರೆ, ಕುರ್ಚಿ ಎಳೆಯುತ್ತಾರೆ, ಒಬ್ಬ ಮೇಜಿನ ಕೆಳಗೆ ಹೋಗಿರುತ್ತಾನೆ. ಕಿಟಕಿಯಿಂದ ನೋಡುವವರಿಗೆ ಅದು ಗದ್ದಲ.

ಪಾಠದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹೆಚ್ಚಿನ ಕಡೆ ಕೈಗೆ ಕೊಡುವುದು ಒಂದು ಕಟ್ಟು ಜೆರಾಕ್ಸ್ ಹಾಳೆ, "ಬಣ್ಣ ಹಾಕಿಸಿ". ಅರ್ಧ ಜನ ಐದು ನಿಮಿಷಕ್ಕೆ ಗೀಚಿ ತಂದು ಕೊಡುತ್ತಾರೆ. ಒಂದು ಮಗು ಆನೆಯ ಕಿವಿಯ ಹತ್ತಿರವೇ ಬೆಲ್ ಹೊಡೆಯುವ ತನಕ ಇರುತ್ತದೆ. ಅಕ್ಷರ ಎಲ್ಲಿವರೆಗೆ ಬಂದಿದೆ ಎಂದು ಹೇಳಿದ್ದರೆ ನಾನೇ ಏನಾದರೂ ಕಲಿಸಬಲ್ಲೆ. ನಾನೂ ತರಬೇತಿ ಪಡೆದವಳೇ.

ಇನ್ನೊಂದು ಚಾಳಿ ಇದೆ. ಬೆಳಿಗ್ಗೆ ಒಂದು ತರಗತಿಗೆ ಕಳಿಸಿ, ಮಕ್ಕಳು ನನ್ನ ಹೆಸರು ಕಲಿಯುವ ಹೊತ್ತಿಗೆ "ಇಲ್ಲಿ ಬೇರೆಯವರು ನೋಡಿಕೊಳ್ಳುತ್ತಾರೆ, ನೀವು ಮೇಲೆ ಹೋಗಿ" ಎನ್ನುವುದು. ಇಲ್ಲವೇ ಎರಡು ತರಗತಿಗಳನ್ನು ಒಂದೇ ಕೋಣೆಗೆ ತುಂಬುವುದು. ದೊಡ್ಡ ಮಕ್ಕಳಿಗೆ ಇದು ಬರೀ ಅನನುಕೂಲ. ಚಿಕ್ಕವರಿಗೆ ಒಂದೇ ದಿನದಲ್ಲಿ ಮೂವರು ಹೊಸಬರು. ನಮ್ಮನ್ನು ಬಿಡಿ, ಖಾಲಿ ಕುರ್ಚಿ ಕಂಡಲ್ಲಿ ಕೂರಿಸಿ ಅಭ್ಯಾಸವಾಗಿದೆ. ಮಕ್ಕಳನ್ನು ಯಾರು ಕೇಳುತ್ತಾರೆ?

ಸಂಬಳದ ಮಾತು ಬೇಕೇ ಎಂದು ಯೋಚಿಸಿದೆ. ಬೇಕು. ನಮಗೆ ಕೊಡುವುದು ಬೆಲ್‌ನಿಂದ ಬೆಲ್‌ವರೆಗಿನ ದಿನಗೂಲಿ. ಮೊದಲೇ ಬಂದು ತಿಳಿದುಕೊಂಡ ಹೊತ್ತಿಗೆ ಹಣವಿಲ್ಲ, ಮಕ್ಕಳ ಕೆಮ್ಮು ನೆಗಡಿ ನಮಗೆ ಹತ್ತಿ ಮಲಗಿದ ದಿನಕ್ಕೂ ಇಲ್ಲ. 1966ರ ಅಕ್ಟೋಬರ್ 5ರಂದು ಯುನೆಸ್ಕೋ, ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ ಶಿಕ್ಷಕರ ಸ್ಥಾನಮಾನದ ಬಗ್ಗೆ ಒಂದು ಶಿಫಾರಸು ರೂಪಿಸಿದವು. ಪ್ರತಿ ಮಗುವಿನ ಕಡೆ ಗಮನ ಕೊಡಲು ಸಾಧ್ಯವಾಗುವಷ್ಟೇ ಮಕ್ಕಳು ತರಗತಿಯಲ್ಲಿರಬೇಕು ಎಂಬ ಮಾತು ಅದರಲ್ಲಿದೆ. ಪೂರ್ತಿ ಹೊತ್ತು ದುಡಿಯಲಾಗದ ಅರ್ಹ ಶಿಕ್ಷಕರು ಅಗತ್ಯ ಬಿದ್ದಾಗ ಕೊಡುವ ಸೇವೆಯ ಬೆಲೆಯನ್ನು ಶಾಲೆಗಳು ಗುರುತಿಸಬೇಕು ಎಂದೂ ಇದೆ. 1994ರಿಂದ ಅದೇ ದಿನವನ್ನು ವಿಶ್ವ ಶಿಕ್ಷಕರ ದಿನ ಎಂದು ಆಚರಿಸುತ್ತಾರೆ. ಆ ದಿನ ನಮಗೆ ಹೂವು ಬೇಡ.

ಬೇಕಾದ್ದು ಒಂದು ಹಾಳೆ. ಪ್ರತಿ ಚಿಕ್ಕ ಮಕ್ಕಳ ತರಗತಿಗೂ ಬದಲಿಯವರಿಗಾಗಿ ಒಂದು ಹಾಳೆ ಸಿದ್ಧವಿರಲಿ. ಮಗುವಿನ ಫೋಟೋ, ಪಕ್ಕದಲ್ಲಿ ತರಗತಿಯಲ್ಲಿ ಕರೆಯುವ ಹೆಸರು. ಅಲರ್ಜಿ, ಔಷಧಿ, ಔಷಧಿ ಇಟ್ಟಿರುವ ಜಾಗ. ಶೌಚಾಲಯಕ್ಕೆ ಜೊತೆ ಬೇಕಾದವರು ಯಾರು. ಸಂಜೆ ಯಾರ ಜೊತೆ ಕಳಿಸಬಹುದು, ಯಾರ ಜೊತೆ ಕೂಡದು. ಎತ್ತಿಡುವ ಹಾಡಿನ ಎರಡು ಸಾಲು. ಟೀಚರ್ ಆರೋಗ್ಯವಾಗಿದ್ದಾಗಲೇ ಬರೆಸಿ. ಜ್ವರ ಬಂದು ಮಲಗಿದವರಿಗೆ ಫೋನ್ ಮಾಡಿ ಕೇಳುವುದು ಅನ್ಯಾಯ. ಈ ಹಾಳೆಯಲ್ಲಿ ಮಕ್ಕಳ ಖಾಸಗಿ ವಿಷಯ ಇರುವುದರಿಂದ ಗೋಡೆಗೆ ಅಂಟಿಸಬೇಡಿ, ಆಫೀಸಿನಲ್ಲಿಟ್ಟು ಬೆಳಿಗ್ಗೆ ಕೈಗೆ ಕೊಟ್ಟು ಸಂಜೆ ವಾಪಸ್ ತೆಗೆದುಕೊಳ್ಳಿ. ಜೀವ ಉಳಿಸುವ ಔಷಧಿಯನ್ನು ಮಾತ್ರ ಯಾರದೋ ಬ್ಯಾಗಿನ ಬೀಗದ ಕೈಗೆ ಒಪ್ಪಿಸಬೇಡಿ. ಮಕ್ಕಳ ಕೈಗೆ ಎಟುಕದ, ದೊಡ್ಡವರೆಲ್ಲರಿಗೂ ಗೊತ್ತಿರುವ ಜಾಗದಲ್ಲಿಡಿ.

ಎರಡನೆಯದು, ಒಂದು ತರಗತಿಗೆ ಆದಷ್ಟು ಒಬ್ಬರೇ ಬದಲಿಯವರನ್ನು ಕರೆಯಿರಿ. ರಜೆ ಇಲ್ಲದ ದಿನವೇ ಒಂದು ಹೊತ್ತು ಅವರನ್ನು ಕರೆಸಿ, ಟೀಚರ್ ಎದುರಿಗಿದ್ದಾಗಲೇ ಮಕ್ಕಳ ಜೊತೆ ಕೂರಿಸಿ. ತಮ್ಮ ಮಿಸ್ ನಗುತ್ತಾ ಮಾತಾಡಿಸಿದವರನ್ನು ಮಕ್ಕಳು ಬೇಗ ಒಪ್ಪುತ್ತಾರೆ. ಆ ಹೊತ್ತಿಗೂ ದಿನದ ಲೆಕ್ಕದಲ್ಲೇ ಹಣ ಕೊಡಿ. ಖರ್ಚು ಎನ್ನುತ್ತೀರಿ, ಗೊತ್ತು. ನೀವು ನನಗೆ ಕೊಡುತ್ತಿರುವ ದಿನಗೂಲಿಯ ಅರ್ಧ ಈಗ ಹೆಸರು ಮತ್ತು ಬೀಗದ ಕೈ ಹುಡುಕುವುದಕ್ಕೇ ಹೋಗುತ್ತಿದೆ.

ಇನ್ನು ಸಂಜೆ ನಾವು ಹೊರಡುವಾಗ "ಮಕ್ಕಳು ತೊಂದರೆ ಕೊಟ್ರಾ?" ಎಂದು ಕೇಳುವುದನ್ನು ಬಿಡಿ. ಕೊಟ್ಟರು ಎಂದರೆ ಮಕ್ಕಳಿಗೆ ನಾಳೆ ಬೈಗುಳ, ಇಲ್ಲ ಎಂದರೆ ಮಾತು ಅಲ್ಲಿಗೇ ಮುಗಿಯಿತು. ಏನೇನಾಯಿತು ಎಂದು ಕೇಳಿ. ಯಾರು ಊಟ ಮಾಡಲಿಲ್ಲ, ಯಾರು ಬಿದ್ದರು, ಯಾರು ಮೊದಲ ಸಲ ಎದ್ದು ನಿಂತು ಪದ್ಯ ಹೇಳಿದರು. ಇದನ್ನೆಲ್ಲ ನಾನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಹೋಗುತ್ತೇನೆ. ಗುಡಿಸುವಾಗ ಕಸದ ಬುಟ್ಟಿ ಸೇರಿದ್ದೂ ಉಂಟು. ಅದು ಟೀಚರ್ ಕೈಗೆ ತಲುಪುವ ಹಾಗೆ ಒಂದು ವ್ಯವಸ್ಥೆ ಮಾಡಿ.

ಮುಂದಿನ ಸಲ ನಿಮ್ಮ ಶಾಲೆಯಿಂದ ಫೋನ್ ಬಂದಾಗ, ಹಾಳೆ ಸಿದ್ಧವಿದೆಯೇ ಎಂದು ನಾನೇ ಕೇಳುತ್ತೇನೆ. ಇಲ್ಲ ಎಂದರೂ ಬರುತ್ತೇನೆ. ಆದರೆ ಬೆಲ್‌ಗಿಂತ ಅರ್ಧ ಗಂಟೆ ಮೊದಲು ಬಂದು ನಿಮ್ಮ ಕೋಣೆಯಲ್ಲೇ ಕೂತು ಒಂದೊಂದೇ ಮಗುವಿನ ಬಗ್ಗೆ ಕೇಳಿ ಬರೆದುಕೊಳ್ಳುತ್ತೇನೆ. ಆ ಅರ್ಧ ಗಂಟೆ ನಿಮ್ಮದು ನನಗೆ ಬೇಕು. ಮೊದಲೇ ಹೇಳಿರುತ್ತೇನೆ.

ಇಂತಿ ವಂದನೆಗಳೊಂದಿಗೆ,
ಒಬ್ಬ ಬದಲಿ ಶಿಕ್ಷಕಿ